ಮುನಿಯಪ್ಪನ ಚುಟ್ಟಾಗೆ ಸುಂಕ ಕಟ್ಟಿದ್ದು

‘ಇದು ಆಗೋ ಮಾತಲ್ಲ’ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ರಾಮನಾಥಪುರದ ಪಕ್ಕದ ನಮ್ಮೂರಿನ ಮುನಿಯಪ್ಪನ ಗುಡಿಗೆ ಅವರೇ ಪೂಜಾರಿ. ಎರಡನೆಯವರು ನಾನು ಕೆಲಸ ಮಾಡುವ ಹಾಸನದ ಟ್ರಾವೆಲ್ಸ್ ಆಫೀಸಿನ ಯಜಮಾನರು. ದೊಡ್ಡಪ್ಪ ಹಾಗೆಂದಿದ್ದು ದೇವರಿಗೆ ಹೆದರಿ, ಯಜಮಾನರು ಹಾಗೆಂದಿದ್ದು ಕಸ್ಟಮ್ಸ್‌ಗೆ ಹೆದರಿ. ಮಧ್ಯದಲ್ಲಿ ನಿಂತವಳು ನಾನು.

ಆಗಬೇಕಿದ್ದ ಕೆಲಸ ಇದು. ನಮ್ಮೂರಿನ ಹೆಣ್ಣುಮಗಳೊಬ್ಬಳು ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್. ಅವಳ ಮಗು ತಿಂಗಳು ತುಂಬುವ ಮುಂಚೆಯೇ ಹುಟ್ಟಿ, ಉಸಿರಾಟದ ತೊಂದರೆಯಿಂದ ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಮಲಗಿತ್ತು. ಆಗ ಅವಳು ಮುನಿಯಪ್ಪನಿಗೆ ಹರಕೆ ಹೊತ್ತಳು. ಮಗು ಉಳಿದರೆ ಮೊದಲ ಮುಡಿ ಅವನಿಗೆ, ಜೊತೆಗೆ ಮೀಸಲು ಚುಟ್ಟಾದ ಸೇವೆ. ಮಗು ಉಳಿಯಿತು. ಆದರೆ ಅಷ್ಟು ದೂರದ ವಿಮಾನ ಪ್ರಯಾಣ ಸದ್ಯಕ್ಕೆ ಬೇಡವೆಂದು ಅಲ್ಲಿನ ಡಾಕ್ಟರು ಹೇಳಿದ್ದರು. ಮೂರು ವರ್ಷ ತುಂಬುವುದರೊಳಗೆ ಮುಡಿ ತೆಗೆಯಬೇಕು ಎನ್ನುವುದು ನಮ್ಮ ಕಡೆಯ ನಡಾವಳಿ, ಆ ಗಡುವು ಹತ್ತಿರ ಬಂದಿತ್ತು. ಮಗು ಇಲ್ಲಿಗೆ ಬರಲಾಗದಿದ್ದರೆ ಪೂಜಾರಿ ಅಲ್ಲಿಗೆ ಹೋಗಬೇಕು. ಒಂದು ಕಲ್ಲು ನಿಲ್ಲಿಸಿ ಮುನಿಯಪ್ಪನನ್ನು ಎಲ್ಲಿ ಬೇಕಾದರೂ ಕರೆಯಬಹುದು. ಚುಟ್ಟಾ ಮಾತ್ರ ನಮ್ಮ ಹೊಲದ ಮೀಸಲು ಸೊಪ್ಪಿನದೇ ಆಗಬೇಕು.

ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಬ್ಯಾರನ್‌ನಲ್ಲಿ ಎಂದರೆ ಸೌದೆ ಉರಿಯ ಬಿಸಿಗೂಡಿನಲ್ಲಿ ಬೇಯಿಸಿ ಹರಾಜಿಗೆ ಒಯ್ಯುವ ಸೊಪ್ಪು ಬೇರೆ. ಹೊಲದ ಮೂಲೆಯಲ್ಲಿ ಒಂದಷ್ಟು ನಾಟಿ ಗಿಡಗಳನ್ನು ಮುನಿಯಪ್ಪನ ಹೆಸರಿಗೆ ಬಿಡುತ್ತೇವೆ. ಆ ಎಲೆಯನ್ನು ಸೂರಿನಡಿ ನೆರಳಿನಲ್ಲಿ ಒಣಗಿಸಿ ದೊಡ್ಡಮ್ಮ ಚುಟ್ಟಾ ಸುತ್ತುತ್ತಾರೆ. ಅದನ್ನು ಯಾರೂ ಮೂಸುವಂತಿಲ್ಲ. ದೊಡ್ಡಪ್ಪ ಹುಟ್ಟಿದಾಗಿನಿಂದ ಒಂದು ಬೀಡಿ ಸೇದಿದವರಲ್ಲ.

ಅವರ ಪಾಸ್‌ಪೋರ್ಟು, ವೀಸಾ, ಟಿಕೆಟು ಎಲ್ಲ ನಾನೇ ಮಾಡಿಸಿದ್ದೆ. ನಮ್ಮ ಮನೆಯಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ; ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಓಡಾಡಿ ಬಿ.ಕಾಂ. ಮುಗಿಸಿದ್ದೇನೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಹಾಗಾಗಿ ಚುಟ್ಟಾ ಒಯ್ಯುವುದು ಆಗೋ ಮಾತಲ್ಲ ಎಂದು ದೊಡ್ಡಪ್ಪ ಅಂದಾಗ, ‘ಅದೇನ್ ಮಹಾ, ರೂಲ್ಸ್ ನೋಡಿ ಏಳ್ತೀನಿ ತಡೀರಿ’ ಎಂದುಬಿಟ್ಟೆ.

ಆಫೀಸಿನಲ್ಲಿ ಯಜಮಾನರು ನಕ್ಕರು. ಅವರದು ಹೊಳೆನರಸೀಪುರದ ಹಳೆಯ ದೇವಸ್ಥಾನದ ಅರ್ಚಕರ ಮನೆತನ. ಅವರ ಮಾತಿನಲ್ಲಿ ಕೆಡುಕಿಲ್ಲ, ಆದರೆ ಚುಚ್ಚು ಇರುತ್ತದೆ.

‘ಏನಮ್ಮ, ಚುಟ್ಟಾ ಸೇದೋ ದೇವರಿಗೂ ಇನ್ಮೇಲೆ ನಮ್ಮಲ್ಲೇ ವೀಸಾನಾ?’

‘ದೇವರಿಗೆ ವೀಸಾ ಬೇಡ ಸಾರ್. ಚುಟ್ಟಾಗೆ ಲೆಕ್ಕ ಬೇಕು.’

‘ಅದೆಲ್ಲ ಆಗೋ ಮಾತಲ್ಲ. ಏರ್‌ಪೋರ್ಟಲ್ಲಿ ಡ್ಯೂಟಿ ಫ್ರೀ ಅಂಗಡಿ ಇದೆ. ಒಳ್ಳೇ ಕಂಪನಿ ಸಿಗಾರ್ ಒಂದು ಡಬ್ಬಿ ತಗೊಂಡು ಹೋಗೋಕೆ ಹೇಳು. ರಸೀತಿ ಸಮೇತ ಸಿಗುತ್ತೆ.’

ಇದನ್ನು ಫೋನಿನಲ್ಲಿ ದೊಡ್ಡಪ್ಪನಿಗೆ ಹೇಳಿದೆ. ‘ನಿಮ್ ಯಜಮಾನ್ರು ಅವ್ರ ದೇವ್ರಿಗೆ ಓಟ್ಲಿಂದ ಪುಳಿಯೋಗ್ರೆ ತಂದು ನೈವೇದ್ಯ ಮಾಡ್ತಾರಾ? ಕೇಳು ಓಗು’ ಎಂದರು. ಕೇಳಲಿಲ್ಲ. ಸಂಬಳ ಕೊಡುವವರನ್ನು ಎಲ್ಲವನ್ನೂ ಕೇಳಲಾಗುವುದಿಲ್ಲ.

ಕೂತು ಓದಿದೆ. ಇಂಗ್ಲೆಂಡಿನ ಸರ್ಕಾರದ ಜಾಲತಾಣದಲ್ಲಿ ಪ್ರಯಾಣಿಕರಿಗೆ ಬಿಟ್ಟಿರುವ ಮಿತಿ ಸ್ಪಷ್ಟವಾಗಿಯೇ ಇತ್ತು. ವಯಸ್ಕ ಪ್ರಯಾಣಿಕನೊಬ್ಬ ಸುಂಕವಿಲ್ಲದೆ ಐವತ್ತು ಸಿಗಾರ್ ಒಯ್ಯಬಹುದು. ಒಂದೊಂದೂ ಮೂರು ಗ್ರಾಮಿನೊಳಗಿನ ಸಣ್ಣ ಚುಟ್ಟಾ ಆದರೆ ನೂರು. ಸ್ವಂತಕ್ಕೆ ಅಥವಾ ಉಡುಗೊರೆಗೆ ಮಾತ್ರ, ಮಾರಾಟಕ್ಕಲ್ಲ. ಹೊರಗಿನ ಹೊದಿಕೆಯೂ ಹೊಗೆಸೊಪ್ಪಿನದೇ ಇದ್ದರೆ ಸಿಗಾರ್, ಕಾಗದ ಸುತ್ತಿದ್ದರೆ ಸಿಗರೇಟು. ಅಂದರೆ ದೊಡ್ಡಮ್ಮ ಸುತ್ತುವ ಚುಟ್ಟಾ ಕಾನೂನಿನ ಕಣ್ಣಿಗೆ ಸಿಗಾರ್. ಮಿತಿ ದಾಟಿದರೆ ಹೆಚ್ಚಾದ ಒಂದೆರಡಕ್ಕಲ್ಲ, ಅಷ್ಟಕ್ಕೂ ಸುಂಕ. ಹೇಳದೆ ಸಿಕ್ಕಿಬಿದ್ದರೆ ಅಷ್ಟನ್ನೂ ಕಿತ್ತುಕೊಳ್ಳುತ್ತಾರೆ. ವಾಪಸು ಬರುವಾಗ ನಮ್ಮ ದೇಶದ ಮಿತಿ ಇಪ್ಪತ್ತೈದು. ಇಷ್ಟನ್ನು ಓದಿ ನನಗೆ ಸಮಾಧಾನವಾಯಿತು. ಐವತ್ತರೊಳಗೆ ಎಣಿಸಿ ಇಟ್ಟುಕೊಂಡರೆ ಮುಗಿಯಿತಲ್ಲ.

ಭಾನುವಾರ ಊರಿಗೆ ಹೋಗಿ ಅದನ್ನೇ ಹೇಳಿದೆ. ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದವರು ಎದ್ದು ನಿಂತರು.

‘ಎಣ್ಸೋದಾ?’

‘ಊಂ ದೊಡ್ಡಪ್ಪ. ಎಷ್ಟವೆ ಅಂತ ಏಳ್ಬೇಕಲ್ವಾ?’

‘ಮುನಿಯಪ್ಪಂದು ಎಣ್ಸೋಂಗಿಲ್ಲ ಕಣವ್ವ. ಎರಡು ಕೈ ತುಂಬ ಇಡ್ದು ಕಟ್ಟೋದು, ಅಷ್ಟೇಯ. ಎಣ್ಸುದ್ರೆ ಅದು ನಮ್ದಾಯ್ತದೆ. ದೇವ್ರದ್ದಾಗಿ ಉಳಿಯಕಿಲ್ಲ.’

‘ಅಲ್ಲಿ ಎಣ್ಸೇ ಎಣ್ಸ್ತಾರೆ. ಜಾಸ್ತಿ ಇದ್ರೆ ಕಿತ್ಕೊಂಡು ಸುಟ್ಟಾಕ್ತಾರೆ.’

‘ಅದಕ್ಕೇ ಏಳಿದ್ದು, ಇದು ಆಗೋ ಮಾತಲ್ಲ ಅಂತ. ಮೀಸ್ಲು ಕಸದ ಡಬ್ಬಿಗೆ ಬಿದ್ದ ದಿನ ನಾನು ಪೂಜೆ ತಟ್ಟೆ ಕೆಳಗಿಟ್ಟೆ ಅಂತ ತಿಳ್ಕೊ. ಆಮೇಲೆ ಯಾರಾರ ಮಾಡ್ಕಳ್ಳಿ.’

ಅವರು ಸುಮ್ಮನೆ ಹೇಳುವವರಲ್ಲ. ಅವರ ತಂದೆಯ ಕಾಲದಿಂದ ಆ ತಟ್ಟೆ ನಮ್ಮ ಮನೆಯದು. ಅವರು ಹೋಗದಿದ್ದರೆ ಆ ತಾಯಿಯ ಹರಕೆ ಉಳಿಯುತ್ತದೆ, ಹೋಗಿ ಏನಾದರೂ ಎಡವಟ್ಟಾದರೆ ತಟ್ಟೆಯೇ ಹೋಗುತ್ತದೆ. ಟಿಕೆಟ್ ಆಗಲೇ ಆಗಿತ್ತು. ‘ನಾನು ನೋಡ್ಕತೀನಿ’ ಎಂದು ನರ್ಸ್‌ಗೆ ಮಾತು ಕೊಟ್ಟವಳೂ ನಾನೇ.

ಇನ್ನೊಂದು ಪೆಟ್ಟು ಒಳಗೆ ಕಾದಿತ್ತು. ದೊಡ್ಡಮ್ಮ ಸಡಗರದಿಂದ ದೇವರ ಗೂಡಿನ ಮುಂದೆ ಕರೆದೊಯ್ದು ತೋರಿಸಿದರು. ಕಟ್ಟು ಆಗಲೇ ಸಿದ್ಧವಾಗಿತ್ತು. ಚುಟ್ಟಾಗಳ ಸುತ್ತ ಅಗಲವಾದ ಹೊಗೆಸೊಪ್ಪಿನ ಎಲೆಗಳನ್ನು ಪದರ ಪದರವಾಗಿ ಹೊದಿಸಿ, ಅರಿಶಿನದ ದಾರ ಸುತ್ತಿದ್ದರು. ದೊಡ್ಡಪ್ಪ ಹಾಕಿದ ಗಂಟು, ಪೂಜೆಯ ತನಕ ಬಿಚ್ಚುವಂತಿಲ್ಲ. ಎಲೆ ಮುಟ್ಟಿದರೆ ತಣ್ಣಗಿತ್ತು.

‘ನೀರು ಚಿಮುಕ್ಸಿ ಅದ ಮಾಡಿವ್ನಿ ಕಣವ್ವ. ಒಣಗಿದ್ರೆ ಸಿಡಿದೋಯ್ತವಲ್ಲ, ಅಷ್ಟು ದೂರ.’

ಹೊಗೆಸೊಪ್ಪಿನ ಮನೆಯವರಿಗೆ ಇದು ಉಸಿರಾಡಿದಷ್ಟು ಸಹಜ. ಒಣಗಿದ ಎಲೆ ಮುಟ್ಟಿದರೆ ಪುಡಿ, ಹದ ಬಂದರೆ ಬಟ್ಟೆಯ ಹಾಗೆ ಮಡಚುತ್ತದೆ. ಚುಟ್ಟಾ ಕಾಯುವುದಕ್ಕೆ ಹದ ಮಾಡಿದ ಎಲೆಗಿಂತ ಒಳ್ಳೆಯದು ಇಲ್ಲ. ಆದರೆ ನಾನು ಕೈ ಹಿಂದೆಗೆದೆ. ನಾನು ಓದಿದ ಪುಟಗಳಲ್ಲಿ ಇನ್ನೊಂದು ಮಾತಿತ್ತು, ನಮಗೆ ಸಂಬಂಧವಿಲ್ಲವೆಂದು ದಾಟಿಹೋಗಿದ್ದೆ: ಆ ದೇಶದಲ್ಲಿ ಬಿಡಿ ಎಲೆಯನ್ನು, ಅಂದರೆ ಇನ್ನೂ ಸಿಗಾರ್ ಸಿಗರೇಟು ಆಗದ ಹೊಗೆಸೊಪ್ಪನ್ನು, ಮೊದಲೇ ಪರವಾನಗಿ ಪಡೆಯದವರು ಇಟ್ಟುಕೊಳ್ಳುವಂತಿಲ್ಲ. ಸುತ್ತಿದ ಚುಟ್ಟಾ ತಪ್ಪಲ್ಲ. ಅದನ್ನು ಹೊದಿಸಿದ ಎಲೆ ತಪ್ಪು. ಕಟ್ಟಿನೊಳಗೆ ಕರ್ಪೂರದ ಪೊಟ್ಟಣ, ಬೆಂಕಿಪೊಟ್ಟಣ ಬೇರೆ ಇದ್ದವು; ಕರ್ಪೂರ ಬೇಗ ಹೊತ್ತಿಕೊಳ್ಳುವ ಪದಾರ್ಥವೆಂದು ವಿಮಾನಕ್ಕೇ ಬಿಡುವುದಿಲ್ಲ. ಬೆಂಗಳೂರಿನಲ್ಲೇ ಬಿಚ್ಚಿಸುತ್ತಿದ್ದರು.

ದೊಡ್ಡಮ್ಮನಿಗೆ ಹೇಗೆ ಹೇಳುವುದು? ಹೇಳಿದೆ. ಅವರ ಮುಖ ಸಣ್ಣಗಾಯಿತು. ‘ನಾವು ಬೆಳ್ದಿದ್ದೇ ತಪ್ಪಾ?’ ಎಂದರು.

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೇರೆಯವರ ಟಿಕೆಟ್ ಮಾಡುತ್ತ ಮಾಡುತ್ತ ಮತ್ತೆ ಅದೇ ಪುಟ ತೆರೆಯುತ್ತಿದ್ದೆ, ನಿಯಮ ರಾತ್ರೋರಾತ್ರಿ ಬದಲಾಗಿಬಿಟ್ಟಿದೆಯೇನೋ ಎನ್ನುವ ಹಾಗೆ. ಅಲ್ಲಿನ ಸುಂಕದ ಇಲಾಖೆಗೆ ಮೇಲ್ ಬರೆದೆ. ದೇವರ ಕಟ್ಟು, ಬಿಚ್ಚುವಂತಿಲ್ಲ, ಏನು ಮಾಡಬೇಕು ಎಂದು. ನಿಯಮದ ಕೊಂಡಿಯನ್ನೇ ಮತ್ತೆ ಕಳಿಸಿ, ಕೊನೆಯ ತೀರ್ಮಾನ ಸ್ಥಳದಲ್ಲಿರುವ ಅಧಿಕಾರಿಯದು ಎಂದು ಉತ್ತರ ಬಂತು. ಅವರನ್ನು ದೂರುವಂತಿಲ್ಲ. ಮುನಿಯಪ್ಪನ ವಿಷಯ ಅವರ ಪುಸ್ತಕದಲ್ಲಿ ಎಲ್ಲಿ ಬರಬೇಕು?

ಯಜಮಾನರು ಟೀ ತರಿಸಿ ಸಮಾಧಾನ ಮಾಡಿದರು. ‘ಪಂಚೆ ಮಧ್ಯೆ ಸುತ್ತಿ ಇಡಮ್ಮ. ವಯಸ್ಸಾದೋರನ್ನ ಯಾರು ತಡೀತಾರೆ?’

‘ತಡೆದ್ರೆ?’

‘ಗೊತ್ತಿಲ್ಲ ಅಂದ್ರಾಯ್ತು.’

‘ನಂಗೆ ಗೊತ್ತಲ್ಲ ಸಾರ್’ ಎಂದೆ. ಸ್ವಲ್ಪ ಜೋರಾಗಿಯೇ ಬಂತು. ಗೊತ್ತಿಲ್ಲ ಎಂದು ಬದುಕಿದ್ದು ನಮ್ಮ ಹಿಂದಿನವರು. ಹರಾಜಿನಲ್ಲಿ ದರ್ಜೆ ಕಡಿಮೆ ಬರೆದಾಗಲೂ ಗೊತ್ತಿಲ್ಲ ಎಂದು ತಲೆ ತಗ್ಗಿಸಿ ಬಂದವರು. ನಾನು ಓದಿದ್ದು ಅದೇ ಮಾತನ್ನು ದೊಡ್ಡಪ್ಪನ ಬಾಯಲ್ಲಿ ಇಂಗ್ಲೆಂಡಿನ ತನಕ ಕಳಿಸುವುದಕ್ಕಲ್ಲ.

ಮುಂದಿನ ಭಾನುವಾರ ಮತ್ತೆ ಊರಿಗೆ ಹೋದೆ. ಈ ಸಲ ನಿಯಮ ಹೇಳಲಿಲ್ಲ, ಕೇಳಿದೆ. ದೊಡ್ಡಮ್ಮ ಹಿತ್ತಲಿನಲ್ಲಿ ಎಲೆಯ ನಡುದಂಟು ಸೀಳುತ್ತ ಕೂತಿದ್ದರು.

‘ದೊಡ್ಡವ್ವ, ಗಿಡದಾಗೆ ಇರೋವಾಗ ಎಲೆ ಮುರೀತೀರಲ್ಲ, ಆಗ ಮೀಸ್ಲಾ?’

‘ಊಂ ಮತ್ತೆ.’

‘ಉಳ ಬಿದ್ದಿರೋವು ಆರ್ಸಿ ಎಸೀತೀರಲ್ಲ?’

‘ಎಸೀದೆ?’

‘ಮೀಸ್ಲನ್ನ ಎಸೀಬೋದಾ?’

ಅವರು ಕೈ ನಿಲ್ಲಿಸಿದರು. ‘ಗಂಟು ಬಿದ್ಮೇಲೆ ತಾನೇ ಮೀಸ್ಲು ಅನ್ನಾದು. ಅಲ್ಲೀಗಂಟ ಸೊಪ್ಪು. ಗಂಟು ಆಕೋರು ಪೂಜಾರಿ. ಕೇಳು ನಿಮ್ಮ ದೊಡ್ಡಪ್ಪನ್ನ.’

ದೊಡ್ಡಪ್ಪ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಪ್ಪಿದೆ ಎನ್ನಲಿಲ್ಲ, ಒಪ್ಪುವುದಿಲ್ಲ ಎಂದೂ ಅನ್ನಲಿಲ್ಲ. ಕೊನೆಗೆ, ‘ಗಂಟಿಗೆ ಮುಂಚೆ ನೀವು ಏನಾರ ಮಾಡ್ಕಳಿ. ನಾನು ನೋಡಕಿಲ್ಲ’ ಎಂದು ತೋಟದ ಕಡೆ ಹೊರಟುಹೋದರು.

ಅಷ್ಟೇ ಸಾಕಾಗಿತ್ತು. ಮೊದಲಿನ ಕಟ್ಟನ್ನು ನಮ್ಮೂರ ಗುಡಿಯಲ್ಲೇ ಮುನಿಯಪ್ಪನಿಗೆ ಒಪ್ಪಿಸುವುದು, ಹೊಸದಾಗಿ ಸುತ್ತುವುದು, ಗಂಟು ಬೀಳುವ ಮುಂಚೆಯೇ ಎಣಿಸಿ ತೂಗುವುದು ಎಂದು ತೀರ್ಮಾನಿಸಿದೆ. ದೊಡ್ಡಮ್ಮ ಸುತ್ತಿದರು, ನಾನು ಎಣಿಸಿದೆ. ಕಾನೂನು ಐವತ್ತು ಬಿಟ್ಟಿದೆ, ಮುನಿಯಪ್ಪನಿಗೆ ಒಂದೂ ಕಮ್ಮಿ ಮಾಡುವುದಿಲ್ಲ ಎಂದು ಸರಿಯಾಗಿ ಐವತ್ತಕ್ಕೆ ನಿಲ್ಲಿಸಿದೆ. ಜಂಬ ಅದು. ಅರಕಲಗೂಡಿಗೆ ಒಯ್ದು ಪರಿಚಯದ ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ‘ಏನ್ ತಾಯಿ, ಹೊಗೆಸೊಪ್ಪಿನ ರೇಟು ಇಲ್ಲೀಗಂಟ ಬಂತಾ?’ ಎಂದು ಅಂಗಡಿಯವರು ನಕ್ಕರು. ಒಂದೊಂದೂ ಮೂರು ಗ್ರಾಮಿಗೆ ಚೆನ್ನಾಗಿ ಮೇಲಿತ್ತು. ಅಂದರೆ ನೂರರ ಲೆಕ್ಕ ನಮಗಿಲ್ಲ, ಐವತ್ತೇ. ಎಲೆಯ ಬದಲು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಕೊಂಡೆ. ಗಂಟು ಬಿಚ್ಚದೆ ಹೊರಗಿನಿಂದಲೇ ಎಣಿಸಬಹುದು, ಹದವೂ ಆರುವುದಿಲ್ಲ. ಕರ್ಪೂರ, ಬೆಂಕಿಪೊಟ್ಟಣ ಅಲ್ಲೇ ಕೊಳ್ಳಲು ನರ್ಸ್‌ಗೆ ಹೇಳಿದೆ. ಮುಂದಿನ ಶುಕ್ರವಾರ ದೊಡ್ಡಪ್ಪ ಸ್ನಾನ ಮಾಡಿ ಬಂದು, ಡಬ್ಬಿಯ ಒಳಗೆ ಕಣ್ಣು ಹಾಯಿಸದೆ, ಮೇಲೆ ಅರಿಶಿನದ ದಾರ ಸುತ್ತಿ ಗಂಟು ಹಾಕಿದರು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಕಾಗದಪತ್ರ ತೆಗೆದುಕೊಳ್ಳಲು ಹಾಸನದ ಆಫೀಸಿಗೆ ಬಂದರು. ಎಲ್ಲ ಸರಿಯಾಗಿತ್ತು. ದೊಡ್ಡಪ್ಪನಿಗೆ ಇಂಗ್ಲಿಷ್ ಬರದ ಕಾರಣ, ದಾರಿ ತೋರಿಸಿ ಕರೆದೊಯ್ಯುವವರು ಸಿಗಲಿ ಎಂದು ಗಾಲಿಕುರ್ಚಿಯ ಸಹಾಯ ಹಾಕಿಸಿದ್ದೆ, ‘ನಾನೇನು ಕುಂಟ್ನಾ?’ ಎಂದು ಅದಕ್ಕೊಂದು ಸುತ್ತು ಜಗಳವೂ ಆಗಿ ಮುಗಿದಿತ್ತು. ಆಗ ದೊಡ್ಡಮ್ಮ ಡಬ್ಬಿ ಸವರುತ್ತ ಖುಷಿಯಿಂದ ಹೇಳಿದರು.

‘ನೀನು ಐವತ್ತಕ್ಕೇ ನಿಲ್ಲುಸ್ಬುಟ್ಟಿದ್ದೆ ಕಣವ್ವ. ಸೊನ್ನೆಗೆ ನಿಲ್ಲುಸ್ಬಾರ್ದು. ಗಂಟು ಬೀಳೋ ಮುಂಚೆ ಮೇಲೊಂದು ಇಟ್ಟೆ.’

ನಾನು ಡಬ್ಬಿ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ಎಣಿಸಿದೆ. ಐವತ್ತೊಂದು. ಮದುವೆಮನೆಗಳಲ್ಲಿ ಮುಯ್ಯಿ ಬರೆಯಲು ಕೂತವಳು ನಾನು. ಐವತ್ತು ಕೊಟ್ಟವರನ್ನು ನಾನು ನೋಡಿಲ್ಲ, ಐವತ್ತೊಂದೇ. ದುಂಡು ಸಂಖ್ಯೆಗೆ ನಮ್ಮ ಮನೆಗಳಲ್ಲಿ ಯಾವ ಕೈಯೂ ನಿಲ್ಲುವುದಿಲ್ಲ ಎನ್ನುವುದು ನನಗೆ ಹೊಳೆಯಬೇಕಿತ್ತು. ನಲವತ್ತೊಂಬತ್ತಕ್ಕೆ ನಿಲ್ಲಿಸಿದ್ದರೆ ಯಾರೂ ಕೈ ಹಾಕುತ್ತಿರಲಿಲ್ಲ.

‘ಒಂದು ತಾನೇ’ ಎಂದರು ಯಜಮಾನರು. ‘ಒಂದನ್ನ ಯಾರು ನೋಡ್ತಾರಮ್ಮ?’

‘ಬಿಚ್ಚಿ ತೆಗೀಬೋದಾ ದೊಡ್ಡಪ್ಪ?’

‘ಗಂಟು ಬಿದ್ದಿರಾದು’ ಎಂದರು. ಅಷ್ಟೇ. ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನಾನು ಆಫೀಸಿನ ಮುಂದಿನ ಫುಟ್‌ಪಾತಿನಲ್ಲಿ ಹೋಗಿ ಬಂದೆ, ಮತ್ತೆ ಹೋಗಿ ಬಂದೆ. ಹೂವಿನವಳು ‘ಯಾರ್ನಾರ ಕಾಯ್ತಿದೀಯಾ ಅಕ್ಕ?’ ಎಂದಳು. ತೆಗೆಯುವಂತಿಲ್ಲ, ಬಚ್ಚಿಡುವಂತಿಲ್ಲ. ಉಳಿದದ್ದು ಒಂದೇ: ಹೇಳುವುದು. ಮಿತಿ ದಾಟಿದ್ದೇವೆ ಎಂದು ನಾವೇ ಹೇಳಿ, ಅಷ್ಟಕ್ಕೂ ಸುಂಕ ಕಟ್ಟುವುದು. ಹೊರಡುವ ಮುಂಚೆಯೇ ಆನ್‌ಲೈನ್‌ನಲ್ಲಿ ಘೋಷಣೆ ಮಾಡಿ ಕಟ್ಟಲು ಅವರ ಜಾಲತಾಣದಲ್ಲಿ ದಾರಿಯಿತ್ತು. ನಮ್ಮಂಥವರಿಗಲ್ಲ, ವಿಸ್ಕಿ ಪೆಟ್ಟಿಗೆ ತರುವವರಿಗೆ ಎಂದುಕೊಂಡು ಅದನ್ನು ನಾನು ಸರಿಯಾಗಿ ಓದಿಯೇ ಇರಲಿಲ್ಲ.

ಒಳಗೆ ಬಂದು ಹೇಳಿದೆ. ‘ಸುಂಕ ಕಟ್ಟೋಣ ದೊಡ್ಡಪ್ಪ. ಐವತ್ತೊಂದು ಅಂತ್ಲೇ ಏಳಿ ಓಗಿ.’

‘ದೇವ್ರು ಸುಂಕ ಕಟ್ಟಾದಾ?’

‘ಕಳ್ಳನಂಗೆ ಪಂಚೆ ಒಳಗೆ ಕೂತು ಓಗೋದು ವಾಸೀನಾ?’

ಅವರು ಬಹಳ ಹೊತ್ತು ಡಬ್ಬಿಯನ್ನೇ ನೋಡಿದರು. ಗಂಟು ಬಿದ್ದ ಮೇಲೆ ಅದನ್ನು ಅವರು ನೇರವಾಗಿ ನೋಡಿದ್ದು ಅದೇ ಮೊದಲು. ‘ರಾಜದಾರೀಲೇ ಓಗ್ಲಿ ಬುಡು’ ಎಂದರು.

ಅರ್ಜಿಯಲ್ಲಿ ಸಂಖ್ಯೆಯ ಜೊತೆ ಒಟ್ಟು ತೂಕವನ್ನೂ ಕೇಳಿದರು. ಐವತ್ತರ ತೂಕ ಅರಕಲಗೂಡಿನಿಂದ ಬಂದಿತ್ತು. ಮೇಲೊಂದಕ್ಕೆ ಅದೇ ಸರಾಸರಿ ಸೇರಿಸಿ, ಸ್ವಲ್ಪ ಮೇಲಕ್ಕೇ ಬರೆದೆ. ನರ್ಸ್ ಫೋನಿನಲ್ಲಿ ‘ದುಡ್ಡು ನಾನೇ ಕಟ್ತೀನಕ್ಕ’ ಎಂದಳು. ಬೇಡವೆಂದೆ. ತೆಗೆದುಕೊಳ್ಳುವವರೇ ಖರ್ಚು ಕೊಟ್ಟರೆ ಅದು ಉಡುಗೊರೆಯಾಗಿ ಉಳಿಯುವುದಿಲ್ಲ, ವ್ಯಾಪಾರವಾಗುತ್ತದೆ, ಅದೂ ನಿಯಮದಲ್ಲಿದೆ. ದೊಡ್ಡಪ್ಪನ ಪರವಾಗಿ ನನ್ನ ಕಾರ್ಡಿನಿಂದ ಕಟ್ಟಿದೆ. ಜಾಲ ನಿಧಾನವಾಗಿ ಒಂದು ಸಲ ಅರ್ಧಕ್ಕೇ ನಿಂತಾಗ ಯಜಮಾನರೇ ಎದ್ದು ಬಂದು ತಮ್ಮ ಫೋನಿನ ಇಂಟರ್‌ನೆಟ್ ಕೊಟ್ಟರು. ರಸೀತಿ ಬಂತು. ಎರಡು ಪ್ರತಿ ತೆಗೆದು, ಒಂದನ್ನು ಪಾಸ್‌ಪೋರ್ಟಿನಲ್ಲಿ, ಒಂದನ್ನು ಜುಬ್ಬದ ಜೇಬಿನಲ್ಲಿಟ್ಟೆ. ಸುಂಕ ಕಟ್ಟಿಯಾದವರು ಘೋಷಿಸಲು ಏನೂ ಇಲ್ಲದವರ ಹಸಿರು ದಾರಿಯಲ್ಲೇ ಹೋಗಬಹುದು, ಯಾರಾದರೂ ಕೇಳಿದರೆ ಮಾತ್ರ ತೋರಿಸಿ ಎಂದು ಮತ್ತೆ ಮತ್ತೆ ಹೇಳಿದೆ.

ವಿಮಾನ ನಿಲ್ದಾಣದ ತನಕ ನಾನೂ ಕಾರಿನಲ್ಲಿ ಹೋದೆ. ಚನ್ನರಾಯಪಟ್ಟಣದಲ್ಲಿ ಟೀಗೆ ನಿಲ್ಲಿಸಿದಾಗ ದೊಡ್ಡಪ್ಪ ಲೋಟ ಹಿಡಿದುಕೊಂಡೇ ಕೇಳಿದರು.

‘ಎಣ್ಸಾಯ್ತು. ತೂಗಾಯ್ತು. ಇನ್ನೂ ಅದು ದೇವ್ರದ್ದೇ ಅಂತ ಎಂಗೆ ಏಳ್ತೀಯವ್ವ?’

ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. ‘ಗೊತ್ತಿಲ್ಲ ದೊಡ್ಡಪ್ಪ. ಎಣಿಸಿದ್ದು ನಾನು. ತಪ್ಪಿದ್ರೆ ನನ್ ಮೇಲೆ ಬರ್ಲಿ.’

ಅವರು ಟೀ ಕುಡಿದು ಮುಗಿಸಿದರು.

ಆಮೇಲಿನ ಕಾಯುವಿಕೆಯ ಬಗ್ಗೆ ಬರೆಯುವುದಕ್ಕೇನಿಲ್ಲ. ಕೀಬೋರ್ಡಿನ ಮೇಲೆ ಕೈ, ಫೋನಿನ ಮೇಲೆ ಕಣ್ಣು. ವಿಮಾನ ಇಳಿದ ಸುದ್ದಿ ಬಂತು, ಅವರು ಹೊರಗೆ ಬಂದ ಸುದ್ದಿ ಬಹಳ ಹೊತ್ತು ಬರಲಿಲ್ಲ; ಕೊನೆಗೆ ‘ಬಂದ್ರು’ ಎಂದು ನರ್ಸ್ ಒಂದೇ ಮಾತು ಕಳಿಸಿದಳು. ಆಮೇಲೆ ಬಂದದ್ದು ಒಂದು ಫೋಟೊ: ತಲೆ ನುಣ್ಣಗಾದ ಮಗು, ಪಕ್ಕದಲ್ಲಿ ಕುಂಕುಮ ಹಚ್ಚಿದ ಕಲ್ಲು, ಅದರ ಮುಂದೆ ಗಂಟು ಬಿಚ್ಚಿದ ಡಬ್ಬಿ.

ವಾಪಸು ಬಂದ ದಿನ ದೊಡ್ಡಪ್ಪ ಊರಿಗೆ ಹೋಗದೆ ನೇರ ಆಫೀಸಿಗೇ ಬಂದರು, ಕೊರಳಲ್ಲಿ ಅಲ್ಲಿಯವರು ಕೊಟ್ಟ ಉಣ್ಣೆಯ ಶಾಲು. ಮಿತಿ ಇಪ್ಪತ್ತೈದಿದ್ದರೂ ಪ್ರಸಾದವೆಂದು ತಂದದ್ದು ಒಂದೇ ಚುಟ್ಟಾ. ‘ಮೇಲೊಂದು’ ಎಂದರು ದೊಡ್ಡಮ್ಮನ ಧಾಟಿಯಲ್ಲೇ.

‘ಅಷ್ಟೊತ್ತು ಯಾಕಾಯ್ತು ದೊಡ್ಡಪ್ಪ? ತಡೆದ್ರಾ?’

‘ಯಾರೂ ತಡೀಲಿಲ್ಲ, ಅದೇ ಆಗಿದ್ದು. ಅಸ್ರು ದಾರೀಲಿ ಕುರ್ಚಿ ತಳ್ಳೋ ಉಡುಗ ಸುಮ್ನೆ ತಳ್ಕೊಂಡೋಗ್ತಾವ್ನೆ. ಕಟ್ಟಿದ ಸುಂಕ ಯಾರ್ಗಾರ ತೋರಿಸ್ಬ್ಯಾಡ್ವಾ? ಕುರ್ಚಿಯಿಂದ ಎದ್ದು ನಾನೇ ಓಗಿ ಅಲ್ಲಿದ್ದ ಆಪೀಸರಮ್ಮಂಗೆ ಡಬ್ಬಿ ತೋರಿಸ್ದೆ, ಚೀಟಿ ತೋರಿಸ್ದೆ. ಎಣ್ಸು ಅಂತ ಕೈಸನ್ನೆ ಮಾಡ್ದೆ. ಅವಮ್ಮ ಡಬ್ಬಿ ಬಿಚ್ಚಲಿಲ್ಲ ಕಣವ್ವ. ಕಣ್ಣಲ್ಲೇ ಎಣ್ಸಿ, ನಕ್ಕೊಂಡು, ಎರಡು ಕೈಲಿ ವಾಪಸ್ ಕೊಟ್ಲು.’

ಯಜಮಾನರು ಒಳಗಿನ ಕುರ್ಚಿಯಿಂದ ಎದ್ದು ಬಂದು ದೊಡ್ಡಪ್ಪನಿಗೆ ಕೂರಲು ಹೇಳಿದರು, ಕಾಫಿ ತರಿಸಿದರು. ದೊಡ್ಡಪ್ಪ ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ದಪ್ಪ ಕಾಗದವೊಂದನ್ನು ತೆಗೆದು ನನ್ನ ಕೈಗಿತ್ತರು. ಅಲ್ಲಿನ ಕನ್ನಡ ಸಂಘದವರು ಸನ್ಮಾನ ಮಾಡಿ ಕೊಟ್ಟ ಸರ್ಟಿಫಿಕೇಟು. ಬಂಗಾರದ ಬಣ್ಣದ ಅಂಚು. ನಮ್ಮ ದೊಡ್ಡಪ್ಪ ಅದರಲ್ಲಿ ‘ಶ್ರೀ ಮುನೇಶ್ವರಸ್ವಾಮಿಯವರ ಪ್ರಧಾನ ಅರ್ಚಕರು’ ಆಗಿದ್ದರು.

‘ಪೂರ್ತಿ ಓದು’ ಎಂದರು. ಜೋರಾಗಿ ಓದಿದೆ, 'ಸಮುದ್ರದಾಚೆ ಸಂಪ್ರದಾಯವನ್ನು ತಂದ ಹಿರಿಯರು' ಎನ್ನುವ ತನಕ, ಕೆಳಗಿನ ಸಹಿಗಳ ತನಕ.

‘ಎಣ್ಸಿದೋಳ ಎಸ್ರು ಎಲ್ಲೂ ಇಲ್ವಾ?’

‘ಇಲ್ಲ ದೊಡ್ಡಪ್ಪ.’

‘ಅಂಗಾರೆ ಅರ್ಧಂಬರ್ಧ ಬರ್ದವ್ರೆ. ನಿನ್ನತ್ರಾನೇ ಮಡೀಕ್ಕೊ. ಕೆಳಗೆ ಜಾಗ ಐತಲ್ಲ, ನೀನೇ ಬರ್ಕೊ. ಓದಿರೋಳಲ್ವಾ ನೀನು.’